ಕೋಟ್ ಎಂದರೆ ತಡೆಯಲ್ಲ

ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಸಳ ಇಂದಿಗೂ ಮೃಗದ ಮೇಲೆ ಎರಗುತ್ತಲೇ ಇದ್ದಾನೆ. ಕತೆ ಶಾಲೆಯ ಮಕ್ಕಳಿಗೂ ಗೊತ್ತು. ಸೊಸೆವೂರಿನಲ್ಲಿ ಹುಲಿ ಬಂತು, ಗುರು ಸುದತ್ತಮುನಿ ‘ಹೊಯ್ ಸಳ’ ಎಂದರು, ಸಳ ಹೊಯ್ದ, ಆ ಮಾತೇ ವಂಶದ ಹೆಸರಾಯಿತು. ವಿಷ್ಣುವರ್ಧನನ ಕಾಲದ, 1117ರ ಬೇಲೂರು ಶಾಸನದಲ್ಲೇ ಈ ಕತೆ ಇದೆ. ಇತಿಹಾಸಕಾರರು ಇದನ್ನು ಐತಿಹ್ಯವೆಂದು ಬದಿಗಿಡುತ್ತಾರೆ, ಇಡಲಿ. ನನಗೆ ಬೇಕಾದದ್ದು ಅದರ ಒಂದು ಮಗ್ಗುಲು ಮಾತ್ರ. ಗುರುವಿನ ಬಾಯಿಂದ ಹೊರಟಾಗ ಆ ಎರಡು ಪದ ಆಜ್ಞೆ, ಹುಲಿ ಸಾಯುತ್ತದೆ. ಶಾಸನದಲ್ಲಿ ಬಿರುದಾಗಿ ಕೂತಾಗ ಅವೇ ಪದ ಹೆಸರು. ಯಾರೂ ಯಾರನ್ನೂ ಹೊಯ್ಯುವುದಿಲ್ಲ. ಹಾಗೆಂದು ಹೆಸರಾದ ಮಾತನ್ನು ‘ತಡೆಹಿಡಿದ ಆಜ್ಞೆ’ ಎನ್ನಲು ಬರುತ್ತದೆಯೇ? ದೋರಸಮುದ್ರದ ಅರಸರು ಅರ್ಧಕ್ಕೆ ನಿಂತ ಹೊಡೆತವೊಂದನ್ನು ತಲೆಮಾರುಗಟ್ಟಲೆ ಹೊತ್ತು ತಿರುಗಲಿಲ್ಲವಷ್ಟೆ.

ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸುವವರಲ್ಲಿ ಬಹಳ ಮಂದಿ ಹಾಗೆಯೇ ಎನ್ನುತ್ತಾರೆ. ‘ಕೋಟ್ ಹಾಕಿದರೆ ಇವ್ಯಾಲ್ಯುಯೇಶನ್ ನಿಲ್ಲುತ್ತದೆ’ ಎಂಬುದು ಪಾಠದಿಂದ ಪಾಠಕ್ಕೆ ದಾಟುತ್ತಾ ಬಂದ ವಾಕ್ಯ. ಇದು ಅರೆಸತ್ಯವೂ ಅಲ್ಲ, ದಾರಿ ತಪ್ಪಿಸುವ ಮಾತು ಎಂಬುದು ನನ್ನ ವಾದ.

ಲಿಸ್ಪ್‌ನ ಬೆಲೆ ಕಟ್ಟುವ, ಅಂದರೆ ಇವ್ಯಾಲ್ಯುಯೇಶನ್‌ನ, ನಿಯಮ ಚಿಕ್ಕದು. ಸಂಖ್ಯೆಯ ಬೆಲೆ ಅದೇ ಸಂಖ್ಯೆ. ಹೆಸರೊಂದು ಬಂದರೆ ಅದಕ್ಕೆ ಕೊಟ್ಟಿರುವ ಬೆಲೆ ಹುಡುಕು. ಆವರಣದೊಳಗೆ ಪಟ್ಟಿ ಬಂದರೆ ಮೊದಲನೆಯದು ಕೆಲಸ, ಉಳಿದವು ಅದಕ್ಕೆ ಬೇಕಾದ ಸಾಮಗ್ರಿ. ಸಾಮಗ್ರಿಯ ಬೆಲೆ ಕಟ್ಟಿ ಕೆಲಸಕ್ಕೆ ಒಪ್ಪಿಸು. ಹಾಗಾಗಿ (+ 2 3) ಎಂದರೆ 5. (ಹೊಯ್ ಸಳ) ಎಂದು ಬರೆದರೆ, ಪಾಪ, ಪೆಟ್ಟು ತಿನ್ನುವವನು ಸಳನೇ. ಸಂಬೋಧನೆ ಎಂಬುದು ಲಿಸ್ಪ್‌ಗೆ ತಿಳಿಯದು. ಈ ನಿಯಮಕ್ಕೆ ಹೊರತಾದ ಕೆಲವೇ ರೂಪಗಳಲ್ಲಿ ಕೋಟ್ ಒಂದು. '(+ 2 3) ಎಂಬುದು (ಕೋಟ್ (+ 2 3)) ಎಂಬುದರ ಚುಟುಕು ಬರಹ, ಒಳಗಿರುವ ಬರಹವೇ ಅದರ ಬೆಲೆ.

ಇಲ್ಲಿ ಏನೂ ನಿಂತಿಲ್ಲ. ಕೋಟ್ ಇರುವ ವಾಕ್ಯಕ್ಕೂ ಬೆಲೆ ಕಟ್ಟುವ ಕೆಲಸ ಪೂರ್ತಿ ನಡೆದು ಮುಗಿದಿದೆ. ಬಂದ ಬೆಲೆ ಮೂರು ಅಂಗಗಳ ಒಂದು ಪಟ್ಟಿ: ಕೂಡುವ ಗುರುತು, ಎರಡು, ಮೂರು. ಅನುಮಾನವಿದ್ದರೆ (ರಿವರ್ಸ್ '(+ 2 3)) ಎಂದು ಕೊಟ್ಟು ನೋಡಿ, (3 2 +) ಬರುತ್ತದೆ. ನಿಂತುಹೋದ ಲೆಕ್ಕವನ್ನು ಹೀಗೆ ಹಿಂದುಮುಂದು ಮಾಡಲು ಆಗುವುದಿಲ್ಲ. ಕೈಯಲ್ಲಿರುವ ವಸ್ತುವನ್ನು ಮಾಡಬಹುದು. ‘ತಡೆ’ಯ ವಾದಿಗಳು ಎಡವುವ ಇನ್ನೊಂದು ಕಡೆ ಜೋಡಿ ಕೋಟ್. (ಫಸ್ಟ್ ''ಬೇಲೂರು) ಎಂದರೆ ಉತ್ತರ ‘ಕೋಟ್’ ಎಂದು ಬರುತ್ತದೆ. ತಡೆಗೆ ತಡೆ ಹಾಕಿದರೆ ಇದೇನು ಹೊರಬಂತು ಎಂದು ಹೊಸಬರು ಕಂಗಾಲಾಗುತ್ತಾರೆ. ಹೊರಗಿನ ಕೋಟ್ ತನ್ನೊಳಗಿನ (ಕೋಟ್ ಬೇಲೂರು) ಎಂಬ ಬರಹವನ್ನೇ ಎತ್ತಿಕೊಟ್ಟಿತು, ಆ ಬರಹದ ಮೊದಲ ಅಂಗ ‘ಕೋಟ್’ ಎಂದು ಹೇಳಿದರೆ ಅಲ್ಲಿ ಒಗಟೇ ಇಲ್ಲ.

ಪದಪ್ರಯೋಗದ ಈ ಹಟವೇಕೆ, ಕೆಲಸ ನಡೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಕೆಲಸ ನಡೆಯುವುದಿಲ್ಲ ಎಂಬುದೇ ತೊಂದರೆ. ‘ನಿಲ್ಲಿಸುತ್ತದೆ’ ಎಂದು ಕಲಿತವನು ‘ಹಾಗಾದರೆ ಆಮೇಲೆ ಮುಂದುವರಿಸಬಹುದು’ ಎಂದುಕೊಳ್ಳುತ್ತಾನೆ. ಮುಂದುವರಿಸಲು, ಕೊಟ್ಟ ಬರಹಕ್ಕೆ ಬೆಲೆ ಕಟ್ಟುವ ಇವ್ಯಾಲ್ ಇದೆಯಲ್ಲ. ಅರಸೀಕೆರೆ ತೆಂಗಿನ ಸೀಮೆ, ಕಾಯಿಯ ಲೆಕ್ಕವನ್ನೇ ಹಾಕೋಣ. ಒಂದು ಕಾಯಿಗೆ 40 ರೂಪಾಯಿ ಎಂದಿಟ್ಟುಕೊಂಡು ಐದು ಕಾಯಿಗೆ ಲೆಕ್ಕ ಬರೆಯುತ್ತೇವೆ:

(ಲೆಟ್ ((ದರ 40)) (ಇವ್ಯಾಲ್ '(* ದರ 5)))

ಕಾಮನ್ ಲಿಸ್ಪ್ ಇದಕ್ಕೆ 200 ಎನ್ನುವುದಿಲ್ಲ. ‘ದರ’ಕ್ಕೆ ಬೆಲೆಯೇ ಇಲ್ಲ ಎಂದು ದೂರುತ್ತದೆ. ದರ ಪಕ್ಕದಲ್ಲೇ ಇದೆ, ಕಣ್ಣಿಗೆ ಕಾಣುತ್ತಿದೆ, ಆದರೂ ಇಲ್ಲ. ಕಾರಣ, ಕೋಟ್ ಎತ್ತಿಕೊಟ್ಟದ್ದು ಬರಿಯ ಬರಹ. ತಾನು ಯಾವ ಊರಿನ, ಯಾವ ದಿನದ ದರವನ್ನು ಕುರಿತದ್ದು ಎಂಬ ನೆನಪು ಬರಹಕ್ಕಿಲ್ಲ, ಇವ್ಯಾಲ್ ಅದನ್ನು ಸುತ್ತಲಿನ ‘ಲೆಟ್’ ಕಾಣದ ಬಯಲಿಗೆ ಒಯ್ದು ಓದುತ್ತದೆ. ಲೆಕ್ಕವನ್ನು ನಿಜವಾಗಿ ಮುಂದೂಡಬೇಕಾದರೆ ಇರುವ ಸಾಧನ ಲ್ಯಾಂಬ್ಡಾ. (ಲ್ಯಾಂಬ್ಡಾ () (* ದರ 5)) ಎಂದು ಬರೆದಿಟ್ಟು, ಬೇಕಾದಾಗ ಕರೆದರೆ 200 ಬರುತ್ತದೆ, ಏಕೆಂದರೆ ಹುಟ್ಟಿದ ಜಾಗದ ದರವನ್ನು ಅದು ಜೊತೆಗೇ ಒಯ್ದಿರುತ್ತದೆ. ಆದರೆ ಅದರ ಒಳಹೊಕ್ಕು ಮೂರನೆಯ ಅಂಗ ಯಾವುದೆಂದು ಕೇಳಲು ಬರುವುದಿಲ್ಲ. ಒಂದಕ್ಕೆ ನೆನಪಿದೆ, ಒಳನೋಟಕ್ಕೆ ಎಡೆಯಿಲ್ಲ. ಇನ್ನೊಂದು ಪೂರಾ ತೆರೆದಿದೆ, ನೆನಪಿಲ್ಲ. ಎರಡನ್ನೂ ‘ತಡೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ ವಿದ್ಯಾರ್ಥಿ ಯಾವುದನ್ನು ಎಲ್ಲಿ ಬಳಸಬೇಕು?

ಈ ತಪ್ಪು ಹುಟ್ಟಿಕೊಂಡದ್ದಕ್ಕೆ ಹಿನ್ನೆಲೆಯೂ ಇದೆ. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಲಿಸ್ಪ್ ಶುರುಮಾಡಿ, 1960ರಲ್ಲಿ ಲೇಖನ ಪ್ರಕಟಿಸಿದರು. ಅದರಲ್ಲಿ ಇವ್ಯಾಲ್ ಕಾಗದದ ಮೇಲಿನ ಸಿದ್ಧಾಂತವಷ್ಟೇ ಆಗಿತ್ತು. ಅದನ್ನು ಐಬಿಎಂ 704 ಯಂತ್ರದಲ್ಲಿ ಓಡಿಸಿದವರು ಸ್ಟೀವ್ ರಸೆಲ್. ಲೇಖನದಲ್ಲಿ ಕೋಟ್ ಬಂದದ್ದೇ ದತ್ತ ಯಾವುದು, ದತ್ತಕ್ಕೆ ನಿಂತ ಹೆಸರು ಯಾವುದು ಎಂದು ಬೇರ್ಪಡಿಸಲು. ಆದರೆ ಆ ಕಾಲದ ಲಿಸ್ಪ್‌ನಲ್ಲಿ ಫಂಕ್ಷನ್‌ಗಳನ್ನು ಕೂಡ ಕೋಟ್ ಹಾಕಿಯೇ ಸಾಗಿಸುತ್ತಿದ್ದರು. ಹೆಸರಿನ ಬೆಲೆಯನ್ನು ಬರೆದ ಜಾಗದಲ್ಲಿ ಹುಡುಕದೆ ಓಡುತ್ತಿರುವ ಜಾಗದಲ್ಲಿ ಹುಡುಕುತ್ತಿದ್ದುದರಿಂದ ಬಹಳಷ್ಟು ಸಲ ಉತ್ತರ ಸರಿಯಾಗಿಯೇ ಬರುತ್ತಿತ್ತು. ಕೆಲವೊಮ್ಮೆ ತಪ್ಪಿತು, ಅದನ್ನು ಮೆಕಾರ್ಥಿ ಬಗ್ ಎಂದೇ ಪರಿಗಣಿಸಿದರು. 1975ರ ಸ್ಕೀಮ್ ಬರೆದ ಜಾಗಕ್ಕೇ ನಿಷ್ಠೆ ತೋರಿತು, 1984ರ ಕಾಮನ್ ಲಿಸ್ಪ್ ಅದೇ ದಾರಿ ಹಿಡಿಯಿತು. ಭಾಷೆ ಬದಲಾಯಿತು, ಪಾಠದ ವಾಕ್ಯ ಬದಲಾಗಲಿಲ್ಲ.

ನನ್ನ ವಾದಕ್ಕೂ ಒಂದು ಬಿರುಕಿದೆ, ಅದನ್ನು ಮುಚ್ಚಿಡುವುದಿಲ್ಲ. ಕನ್ನಡದಲ್ಲಿ ‘ಮೂರು ಎಂಬುದಕ್ಕೆ ಎರಡಕ್ಷರ’ ಎಂದಾಗ ‘ಎಂಬ’ ಪದವನ್ನು ಸಂಖ್ಯೆಯಿಂದ ಕಡಿದು ಬೇರೆ ಮಾಡುತ್ತದೆ. ಲಿಸ್ಪ್‌ನ ಕೋಟ್ ಅಷ್ಟು ಕಟ್ಟುನಿಟ್ಟಲ್ಲ: '3 ಎಂದರೂ 3, ಬರೀ 3 ಎಂದರೂ 3. (+ 1 '3) ಎಂದು ಹೆಸರಿಗೆ ಒಂದನ್ನು ಕೂಡಿಸಿದರೂ ತಕರಾರಿಲ್ಲದೆ 4 ಕೊಡುತ್ತದೆ. ಬ್ರಯಾನ್ ಸ್ಮಿತ್ 1982ರ ತಮ್ಮ ಪ್ರಬಂಧದಲ್ಲಿ ಹಿಡಿದ ತಪ್ಪು ಇದೇ. ಅವರೇ ರೂಪಿಸಿದ 3-ಲಿಸ್ಪ್‌ನಲ್ಲಿ ಈ ಕೂಡಿಕೆ ನಡೆಯುವುದಿಲ್ಲ. ಪಾಣಿನಿಯಂತೂ ಇನ್ನೊಂದು ತುದಿ. ಅಷ್ಟಾಧ್ಯಾಯಿಯ 1.1.68ನೇ ಸೂತ್ರದ ಪ್ರಕಾರ, ಪಾರಿಭಾಷಿಕ ಸಂಜ್ಞೆಗಳನ್ನು ಬಿಟ್ಟರೆ, ವ್ಯಾಕರಣದಲ್ಲಿ ಪದವೆಂದರೆ ಅದರ ರೂಪವೇ, ಅರ್ಥವಲ್ಲ. ‘ಅಗ್ನಿ’ಗೆ ಪ್ರತ್ಯಯ ಹಚ್ಚು ಎಂದರೆ ಕೆಂಡದ ಮೇಲೆ ಹಚ್ಚುವುದಲ್ಲ. ಅಲ್ಲಿ ಕೋಟ್ ಸಹಜಸ್ಥಿತಿ, ಇಲ್ಲಿ ಅದಕ್ಕೆ ಗುರುತು ಬೇಕು. ಪಾಣಿನಿಯೇ ಕಂಪ್ಯೂಟರ್ ಕಂಡುಹಿಡಿದರು ಎಂದು ಹೊರಡುವವರಿಗೆ ಇದರಿಂದ ಸಮಾಧಾನ ಸಿಗಲಾರದು. ಸ್ಮಿತ್ ಅವರ ಆಕ್ಷೇಪ ಕೂಡ ಲಿಸ್ಪ್‌ನ ಹೆಸರಿಸುವಿಕೆ ಸಡಿಲವಾಯಿತು ಎಂಬುದೇ ಹೊರತು, ‘ತಡೆ’ಯ ಪರ ನಿಲ್ಲುವುದಿಲ್ಲ.

ಹೊಸಬರಿಗೆ ‘ತಡೆ’ ಎನ್ನುವುದೇ ಸುಲಭ ಎಂಬ ಸಮರ್ಥನೆ ಮ್ಯಾಕ್ರೊ ಪಾಠ ಬರುವವರೆಗೆ ಮಾತ್ರ ಬಾಳುತ್ತದೆ. ಪ್ರೋಗ್ರಾಮನ್ನೇ ಪಟ್ಟಿಯಾಗಿ ಕೈಗೆ ತೆಗೆದುಕೊಂಡು, ಕತ್ತರಿಸಿ, ಹೊಲಿದು ಹೊಸ ಪ್ರೋಗ್ರಾಂ ಮಾಡುವ ಕಲೆ ಅದು. ನಿಂತ ಲೆಕ್ಕಗಳ ಲೋಕದಲ್ಲಿ ಅದಕ್ಕೆ ಅರ್ಥವೇ ಇಲ್ಲ. ಆದ್ದರಿಂದ ಕಲಿಸುವವರಲ್ಲಿ ಕೇಳುವುದಿಷ್ಟು: ಕೋಟ್ ಹೇಳಿಕೊಟ್ಟ ದಿನವೇ ರಿವರ್ಸ್ ಮಾಡಿ ತೋರಿಸಿ, ಮುಂದೂಡುವುದಕ್ಕೆ ಲ್ಯಾಂಬ್ಡಾ ಕೊಡಿ, ಇವ್ಯಾಲ್ ಅನ್ನು ಪುಸ್ತಕದ ಕೊನೆಯ ಅಧ್ಯಾಯಕ್ಕೆ ಕಳುಹಿಸಿ.