ಹೆಣ ನಗಿಸುವುದಿಲ್ಲ: ಜಾಂಬಿ ಹಾಸ್ಯಚಿತ್ರಗಳ ಪರಂಪರೆ

ಜಾಂಬಿ ಎಂದರೆ ಎದ್ದು ನಡೆಯುವ ಹೆಣ. ಅದಕ್ಕೆ ಮಾತಿಲ್ಲ, ಹಗೆಯಿಲ್ಲ, ಇರುವುದು ಹಸಿವೊಂದೇ. ಭಾರತದ ಕತೆಗಳಲ್ಲಿ ಬರುವ ಬೇತಾಳವೂ ಹೆಣದೊಳಗೇ ಸೇರಿಕೊಳ್ಳುತ್ತದೆ, ಆದರೆ ಅದು ಒಗಟು ಹಾಕಿ ರಾಜನನ್ನೇ ಮಾತಿನಲ್ಲಿ ಕಟ್ಟಿಹಾಕುವ ಚತುರ. ಜಾಂಬಿಗೆ ಅಂಥ ಬುದ್ಧಿಯೂ ಇಲ್ಲ, ಕುಹಕವೂ ಇಲ್ಲ. ತಾನಾಗಿ ಯಾರನ್ನೂ ನಗಿಸಲಾರದ ಇಂಥ ಪಾತ್ರವನ್ನು ನಡುವೆ ನಿಲ್ಲಿಸಿಕೊಂಡು ಸಿನಿಮಾದಲ್ಲಿ ಹಾಸ್ಯದ ಒಂದು ಪರಂಪರೆಯೇ ಬೆಳೆದಿದೆ. ಅದರಲ್ಲಿ ಗೆದ್ದ ಚಿತ್ರಗಳನ್ನೂ ಸೋತ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಹೆಣವನ್ನು ಅದರ ಪಾಡಿಗೆ ಬಿಟ್ಟು ಬದುಕಿರುವವರನ್ನು ನಗೆಪಾಟಲು ಮಾಡಿದ ಚಿತ್ರಗಳು ಉಳಿದಿವೆ. ಹೆಣವನ್ನೇ ಕೋಡಂಗಿ ಮಾಡಿದವು ಬೇಗ ಹಳಸಿವೆ.

ಜಾಂಬಿಯ ತವರು ಕೆರಿಬಿಯನ್ ಸಮುದ್ರದ ಹೈಟಿ. ಅಲ್ಲಿನ ಜನಪದ ನಂಬಿಕೆಯ ಜಾಂಬಿ ಮನುಷ್ಯರನ್ನು ತಿನ್ನುವುದಿಲ್ಲ; ಮಾಟಗಾರನೊಬ್ಬ ಗೋರಿಯಿಂದ ಎಬ್ಬಿಸಿ ಜೀತಕ್ಕೆ ಹಚ್ಚಿದ ಆಳು ಅದು. ಬೇಲಾ ಲುಗೋಸಿ ನಟಿಸಿದ 'ವೈಟ್ ಜಾಂಬಿ' (1932) ಈ ನಂಬಿಕೆಯನ್ನು ಹಾಲಿವುಡ್ಡಿಗೆ ತಂದಿತು. ಬೆನ್ನಿಗೇ ಹಾಸ್ಯಚಿತ್ರಗಳೂ ಬಂದವು: ಬಾಬ್ ಹೋಪ್ ನಟಿಸಿದ 'ದ ಘೋಸ್ಟ್ ಬ್ರೇಕರ್ಸ್' (1940), 'ಜಾಂಬೀಸ್ ಆನ್ ಬ್ರಾಡ್‌ವೇ' (1945). ಪುಕ್ಕಲನೊಬ್ಬ ಹೆದರಿ ಓಡುವುದೇ ಇವುಗಳ ತಮಾಷೆಯ ಬಂಡವಾಳ. ಜಾಂಬಿಯ ಜಾಗದಲ್ಲಿ ಕರಡಿಯನ್ನು ನಿಲ್ಲಿಸಿದ್ದರೂ ಅದು ಕೆಡುತ್ತಿರಲಿಲ್ಲ.

ಈಗ ಎಲ್ಲರಿಗೂ ಗೊತ್ತಿರುವ ಜಾಂಬಿಯನ್ನು ರೂಪಿಸಿದವನು ಜಾರ್ಜ್ ರೊಮೆರೊ. ಅವನ 'ನೈಟ್ ಆಫ್ ದ ಲಿವಿಂಗ್ ಡೆಡ್' (1968) ಕಪ್ಪುಬಿಳುಪಿನ ಭಯಾನಕ ಚಿತ್ರ. ಪಾತ್ರಗಳ ಬಾಯಲ್ಲಿ ಜಾಂಬಿ ಎಂಬ ಪದವೇ ಬರುವುದಿಲ್ಲ. ಆದರೆ ಸತ್ತವರು ಏಳುತ್ತಾರೆ, ನರಮಾಂಸ ತಿನ್ನುತ್ತಾರೆ, ತಲೆಗೆ ಹೊಡೆದರೆ ಮಾತ್ರ ಬೀಳುತ್ತಾರೆ ಎಂಬ ಕಟ್ಟಳೆಗಳು ನೆಲೆಗೊಂಡಿದ್ದು ಇಲ್ಲಿಂದಲೇ. ಹತ್ತು ವರ್ಷದ ನಂತರ ಬಂದ 'ಡಾನ್ ಆಫ್ ದ ಡೆಡ್' (1978) ಪೆನ್ಸಿಲ್ವೇನಿಯಾದ ಮನ್ರೋವಿಲ್ ಎಂಬಲ್ಲಿನ ನಿಜವಾದ ಮಾಲ್‌ನಲ್ಲಿ ಚಿತ್ರೀಕರಣಗೊಂಡಿತು. ಅದರಲ್ಲಿ ಹಾಸ್ಯದ ಎರಡು ಮಾದರಿಗಳಿವೆ. ಲೂಟಿಗೆ ಬಂದ ಬೈಕ್ ಸವಾರರು ಜಾಂಬಿಗಳ ಮುಖಕ್ಕೆ ಕ್ರೀಮು ಮೆತ್ತುವುದು ಒಂದು. ಸತ್ತಮೇಲೂ ಜನ ಹಳೆಯ ರೂಢಿಯಿಂದ ಮಾಲ್‌ಗೇ ಬಂದು ಎಸ್ಕಲೇಟರ್ ಹತ್ತಲು ತಡವರಿಸುವುದು ಇನ್ನೊಂದು. ಮೊದಲನೆಯದು ಒಮ್ಮೆ ನಗಿಸಿ ಮುಗಿಯುತ್ತದೆ. ಎರಡನೆಯದರಲ್ಲಿ ಪ್ರೇಕ್ಷಕ ಕಾಣುವುದು ತನ್ನನ್ನೇ. ಮುಂದಿನ ಒಳ್ಳೆಯ ಚಿತ್ರಗಳೆಲ್ಲ ಹಿಡಿದದ್ದು ಈ ಎರಡನೆಯ ಜಾಡನ್ನು.

ಕಟ್ಟಳೆಯಿದ್ದರೆ ತಾನೇ ಅದನ್ನು ಮುರಿಯುವ ತಮಾಷೆ! ಡ್ಯಾನ್ ಒ'ಬ್ಯಾನನ್‌ನ 'ದ ರಿಟರ್ನ್ ಆಫ್ ದ ಲಿವಿಂಗ್ ಡೆಡ್' (1985) ನಿಂತಿರುವುದು ಇದರ ಮೇಲೆ. ವೈದ್ಯಕೀಯ ಸಾಮಗ್ರಿಗಳ ಗೋದಾಮಿನಲ್ಲಿ ಡ್ರಮ್ಮೊಂದು ಸೋರಿ, ತಣ್ಣನೆಯ ಕೋಣೆಯಲ್ಲಿದ್ದ ಹೆಣ ಎದ್ದು ಕೂಗಾಡುತ್ತದೆ. ಸಿನಿಮಾ ನೋಡಿ ತಿಳಿದುಕೊಂಡಿದ್ದ ನೌಕರರು ಅದರ ತಲೆಗೆ ಗುದ್ದಲಿ ಹೊಡೆಯುತ್ತಾರೆ, ಅದು ಸಾಯುವುದಿಲ್ಲ. ಹಾಗಾದರೆ ಸಿನಿಮಾದವರು ಹೇಳಿದ್ದು ಸುಳ್ಳೇ ಎಂದು ಅವರು ಕಂಗಾಲಾಗುತ್ತಾರೆ. ಹೆಣವನ್ನು ತುಂಡರಿಸಿ ಸುಡಿಸಿದರೆ ಹೊಗೆ ಮೋಡ ಸೇರಿ, ಮಳೆಯಾಗಿ ಸ್ಮಶಾನದ ಮೇಲೆ ಸುರಿಯುತ್ತದೆ. ಒಂದು ತಪ್ಪನ್ನು ಮುಚ್ಚಲು ಹೋಗಿ ಇನ್ನೊಂದನ್ನು ಮಾಡುವ ಕಚೇರಿ ಬುದ್ಧಿಯೇ ಇಲ್ಲಿ ಅನಾಹುತದ ಬೇರು. ಈ ಜಾಂಬಿಗಳು ಮಾತಾಡುತ್ತವೆ, ಮಿದುಳು ಬೇಕೆಂದು ಕೇಳುತ್ತವೆ. ಮಿದುಳು ತಿನ್ನುವ ಜಾಂಬಿ ಹುಟ್ಟಿದ್ದೇ ಈ ಚಿತ್ರದಿಂದ. ಆದರೆ ಮೇಜಿಗೆ ಕಟ್ಟಿಹಾಕಿದ ಅರ್ಧ ದೇಹದ ಹೆಣವೊಂದು, ಸತ್ತಿರುವುದು ತುಂಬ ನೋವು, ಮಿದುಳು ತಿಂದರೆ ಅದು ಕಡಿಮೆಯಾಗುತ್ತದೆ ಎಂದು ಹೇಳುವಾಗ ಯಾರೂ ನಗುವುದಿಲ್ಲ. ಚಿತ್ರ ಗೆಲ್ಲುವುದು ಅಲ್ಲೇ.

ರಕ್ತದ ಅತಿರೇಕವನ್ನೇ ಹಾಸ್ಯವಾಗಿಸುವ ದಾರಿಯೂ ಒಂದಿದೆ. ಸ್ಯಾಮ್ ರೈಮಿಯ 'ಈವಿಲ್ ಡೆಡ್ 2' (1987) ಅದಕ್ಕೆ ನೆಲ ಹದ ಮಾಡಿತು. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ 'ಬ್ರೇನ್‌ಡೆಡ್' (1992) ಚಿತ್ರದಲ್ಲಿ ಅದನ್ನು ತುದಿ ಮುಟ್ಟಿಸಿದ. 1957ರ ವೆಲಿಂಗ್ಟನ್‌ನಲ್ಲಿ ನಡೆಯುವ ಈ ಕತೆಯ ಕೊನೆಯಲ್ಲಿ ನಾಯಕ ಲಯನೆಲ್ ಹುಲ್ಲು ಕತ್ತರಿಸುವ ಯಂತ್ರ ಹಿಡಿದು ಜಾಂಬಿಗಳ ಗುಂಪಿಗೇ ನುಗ್ಗುತ್ತಾನೆ. ಆದರೆ ಚಿತ್ರದ ನಿಜವಾದ ಹಾಸ್ಯ ಊಟದ ಮೇಜಿನ ಮೇಲಿದೆ. ಕೊಳೆಯತೊಡಗಿದ ತಾಯಿ ಗಣ್ಯ ಅತಿಥಿಗಳ ಮುಂದೆ ಮರ್ಯಾದೆ ಬಿಡದೆ ಕೂತಿರುತ್ತಾಳೆ. ಅವಳ ಕಿವಿ ಕಳಚಿ ಕಸ್ಟರ್ಡಿಗೆ ಬೀಳುತ್ತದೆ. ಅದನ್ನೂ ಚಮಚದಲ್ಲಿ ಎತ್ತಿ ತಿನ್ನುತ್ತಾಳೆ. ನಾಲ್ಕು ಜನ ಏನೆಂದಾರು ಎಂಬ ಅಂಜಿಕೆ ಸಾವಿಗಿಂತ ದೊಡ್ಡದಾಗಿರುವ ಮನೆ ಅದು. ಸತ್ತಮೇಲೂ ಮಗನನ್ನು ಕೈಬಿಡದ ತಾಯಿಯ ಕತೆಯೆಂಬ ಎಳೆ ಇರುವುದರಿಂದಲೇ ಅಷ್ಟು ರಕ್ತವೂ ಚಿತ್ರಕ್ಕೆ ಭಾರವಾಗಿಲ್ಲ. ಈ ಎಳೆ ಬಿಟ್ಟು ಬರೀ ರಕ್ತವನ್ನು ಅನುಕರಿಸಿದವರ ಚಿತ್ರಗಳು ಅರ್ಧ ಗಂಟೆಯಲ್ಲೇ ಬೇಸರ ತರಿಸುತ್ತವೆ.

ಪರಂಪರೆಯ ಅತಿ ಹದವಾದ ಕೃತಿ ಎಡ್ಗರ್ ರೈಟ್ ನಿರ್ದೇಶಿಸಿ, ಸೈಮನ್ ಪೆಗ್ ಜೊತೆ ಸೇರಿ ಬರೆದ ಬ್ರಿಟನ್ನಿನ 'ಶಾನ್ ಆಫ್ ದ ಡೆಡ್' (2004). ಶಾನ್ ಲಂಡನ್ನಿನ ಅಂಗಡಿಯೊಂದರ ನೌಕರ. ಸಂಜೆಯಾದರೆ ಅದೇ ಪಬ್, ಅದೇ ಗೆಳೆಯ. ಒಂದು ಬೆಳಿಗ್ಗೆ ಅವನು ನಿದ್ದೆಗಣ್ಣಲ್ಲಿ ಬೀದಿ ದಾಟಿ ಮೂಲೆಯಂಗಡಿಗೆ ಹೋಗಿಬರುವುದನ್ನು ಕ್ಯಾಮೆರಾ ಕತ್ತರಿಯಿಲ್ಲದೆ ಹಿಂಬಾಲಿಸುತ್ತದೆ. ಮುಂದೊಂದು ಬೆಳಿಗ್ಗೆ, ಊರಿಗೆ ಊರೇ ಜಾಂಬಿಯಾದಮೇಲೆ, ಅದೇ ನಡಿಗೆ ಮತ್ತೆ ಬರುತ್ತದೆ. ತಂಪುಪೆಟ್ಟಿಗೆಯ ಗಾಜಿನ ಮೇಲೆ ರಕ್ತದ ಕೈಗುರುತುಗಳಿವೆ, ನೆಲದ ರಕ್ತದಲ್ಲಿ ಅವನ ಕಾಲು ಜಾರುತ್ತದೆ, ದಾರಿಯಲ್ಲಿ ಅಡ್ಡ ಬಂದ ಹೆಣಕ್ಕೆ ಚಿಲ್ಲರೆಯಿಲ್ಲ ಎನ್ನುತ್ತಾನೆ. ಶಾನ್‌ಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಜಾಂಬಿಗಳು ಇಲ್ಲಿ ಒಂದು ತಮಾಷೆಯನ್ನೂ ಮಾಡಿಲ್ಲ. ನಗು ಬಂದದ್ದು ಬದುಕಿರುವವನ ಮಂಪರಿನಿಂದ.

ಅದೇ ಚಿತ್ರ ಅಳಿಸುವ ಹೊತ್ತಿಗೆ ಹಿಂಜರಿಯುವುದಿಲ್ಲ. ಕಚ್ಚಿಸಿಕೊಂಡ ಮಲತಂದೆ ಫಿಲಿಪ್ ಕಾರಿನಲ್ಲಿ ಶಾನ್ ಜೊತೆ ಮನಸ್ಸು ಬಿಚ್ಚಿ ಮಾತಾಡಿ ಸಾಯುತ್ತಾನೆ. ಜಾಂಬಿಯಾಗಿ ಎದ್ದವನು, ಬದುಕಿದ್ದಾಗ ಸಹಿಸದಿದ್ದ ಅಬ್ಬರದ ಸಂಗೀತವನ್ನು ಕೈಚಾಚಿ ಆರಿಸುತ್ತಾನೆ. ನಗುವೂ ಸಂಕಟವೂ ಒಂದೇ ಕ್ಷಣದಲ್ಲಿ ಬರುತ್ತವೆ. ತಾಯಿ ಬಾರ್ಬರಾ ತನ್ನ ಗಾಯವನ್ನು ಮುಚ್ಚಿಟ್ಟುಕೊಂಡಿರುತ್ತಾಳೆ. ಕೊನೆಗೆ ಮಗನೇ ಅವಳಿಗೆ ಗುಂಡು ಹೊಡೆಯಬೇಕಾಗುತ್ತದೆ. ಆ ದೃಶ್ಯಕ್ಕೆ ನಿರ್ದೇಶಕ ನಗೆಹನಿಯ ತೇಪೆ ಹಚ್ಚಿಲ್ಲ. ಸಾವಿಗೆ ತೂಕವಿದ್ದರೆ ಮಾತ್ರ ಅದರ ಸುತ್ತಣ ನಗುವಿಗೂ ತೂಕ. ರೊಮೆರೊ ಈ ಚಿತ್ರವನ್ನು ಮೆಚ್ಚಿ, ರೈಟ್ ಮತ್ತು ಪೆಗ್ ಇಬ್ಬರಿಗೂ ತನ್ನ 'ಲ್ಯಾಂಡ್ ಆಫ್ ದ ಡೆಡ್' (2005) ಚಿತ್ರದಲ್ಲಿ ಜಾಂಬಿಗಳ ಪುಟ್ಟ ಪಾತ್ರ ಕೊಟ್ಟ.

ಆಮೇಲೆ ಈ ಬಗೆಯ ಚಿತ್ರಗಳು ದೇಶದೇಶಕ್ಕೆ ಹಬ್ಬಿದವು. ಎಲ್ಲಿ ಅವು ಆಯಾ ನೆಲದ ಚಾಳಿಯನ್ನು ಹಿಡಿದವೋ ಅಲ್ಲಿ ನಿಂತವು. ಕ್ಯೂಬಾದ 'ಹ್ವಾನ್ ಆಫ್ ದ ಡೆಡ್' (2011) ಚಿತ್ರದಲ್ಲಿ ಸರ್ಕಾರಿ ಟಿವಿ ಜಾಂಬಿಗಳನ್ನು ಅಮೆರಿಕದ ದುಡ್ಡು ತಿಂದ ಭಿನ್ನಮತೀಯರೆಂದು ಸಾರುತ್ತದೆ. ನಾಯಕ ಜಾಂಬಿಗಳಾದ ಊರವರ ಮನೆಮಂದಿಯನ್ನು ಹೊಡೆದುಕೊಡುವ ದಂಧೆ ಶುರುಮಾಡುತ್ತಾನೆ. ರಾಜ್ ಮತ್ತು ಡಿಕೆ ಜೋಡಿಯ ಹಿಂದಿ ಚಿತ್ರ 'ಗೋ ಗೋವಾ ಗಾನ್' (2013) ಭೂತಪ್ರೇತಗಳ ನಾಡಿಗೆ ಜಾಂಬಿ ಬಂದದ್ದು ಜಾಗತೀಕರಣದಿಂದ ಎಂದು ಕಿಚಾಯಿಸುತ್ತದೆ. ಅದರಲ್ಲಿ ಸೈಫ್ ಅಲಿ ಖಾನ್ ರಷ್ಯನ್ನನ ಸೋಗು ಹಾಕಿದ ದೆಹಲಿಯವನು. ಪ್ರಶಾಂತ್ ವರ್ಮಾ ತೆಲುಗಿನಲ್ಲಿ ಮಾಡಿದ 'ಜಾಂಬಿ ರೆಡ್ಡಿ' (2021) ರಾಯಲಸೀಮೆಯ ಮನೆತನದ ಹಗೆಯ ನಡುವೆ ಜಾಂಬಿಗಳನ್ನು ನುಗ್ಗಿಸುತ್ತದೆ.

ಸೋಲಿಗೂ ಒಂದು ಮಾದರಿಯಿದೆ. ಜಿಮ್ ಜಾರ್ಮುಶ್‌ನ 'ದ ಡೆಡ್ ಡೋಂಟ್ ಡೈ' (2019) ಚಿತ್ರದಲ್ಲಿ ಬಿಲ್ ಮರ್ರಿ, ಆ್ಯಡಂ ಡ್ರೈವರ್‌ರಂಥ ನಟರಿದ್ದಾರೆ. ಎಲ್ಲ ಕೆಟ್ಟದಾಗಿಯೇ ಮುಗಿಯುತ್ತದೆಂದು ಮೊದಲಿನಿಂದ ಹೇಳುತ್ತಿದ್ದ ಪೊಲೀಸನೊಬ್ಬ, ತಾನು ಚಿತ್ರಕತೆ ಓದಿರುವುದರಿಂದ ಅದು ಗೊತ್ತು ಎನ್ನುತ್ತಾನೆ. ಪಾತ್ರಕ್ಕೇ ಸಾವಿನ ಭಯ ಇಲ್ಲದಮೇಲೆ ಪ್ರೇಕ್ಷಕನಿಗೆಲ್ಲಿಂದ ಬರಬೇಕು?

ಸಿನಿಮಾವನ್ನೇ ಕುರಿತ ತಮಾಷೆಯೂ ಹೇಗೆ ಗೆಲ್ಲಬಹುದೆಂದು ತೋರಿಸಿದವನು ಜಪಾನಿನ ಶಿನಿಚಿರೊ ಉಎದಾ. ಅವನ 'ಒನ್ ಕಟ್ ಆಫ್ ದ ಡೆಡ್' (2017) ಆರಂಭವಾಗುವುದು ಕತ್ತರಿಯೇ ಇಲ್ಲದ 37 ನಿಮಿಷದ ಪೇಲವ ಜಾಂಬಿ ಚಿತ್ರವೊಂದರಿಂದ. ಅದರಲ್ಲಿ ನಟರು ಕಾರಣವಿಲ್ಲದೆ ತಡವರಿಸುತ್ತಾರೆ, ಒಬ್ಬ ಇದ್ದಕ್ಕಿದ್ದಂತೆ ಹೊರಗೆ ಓಡುತ್ತಾನೆ. ಆಮೇಲೆ ಕತೆ ಹಿಂದಕ್ಕೆ ಹೋಗಿ, ಅದನ್ನು ನೇರಪ್ರಸಾರದಲ್ಲಿ ತೆಗೆದವರ ಪಾಡನ್ನು ತೋರಿಸುತ್ತದೆ. ಓಡಿದವನಿಗೆ ಹೊಟ್ಟೆ ಕೆಟ್ಟಿತ್ತು. ಇನ್ನೊಬ್ಬ ಕುಡಿದು ಬಿದ್ದಿದ್ದ. ಕೊನೆಯ ದೃಶ್ಯಕ್ಕೆ ಬೇಕಿದ್ದ ಕ್ರೇನ್ ಮುರಿದಾಗ ತಂಡದವರು ಒಬ್ಬರ ಬೆನ್ನ ಮೇಲೊಬ್ಬರು ಏರಿ ಗೋಪುರ ಕಟ್ಟಿ ಕ್ಯಾಮೆರಾ ಎತ್ತುತ್ತಾರೆ. ಆ ಹೊತ್ತಿಗೆ ಪ್ರೇಕ್ಷಕನ ಗಮನ ಜಾಂಬಿಗಳ ಮೇಲಿರುವುದಿಲ್ಲ, ಬೆನ್ನು ಕೊಟ್ಟು ನಿಂತವರ ಮೇಲಿರುತ್ತದೆ. ಸುಮಾರು 30 ಲಕ್ಷ ಯೆನ್ ಖರ್ಚಿನಲ್ಲಿ, ಹೆಸರಿಲ್ಲದ ನಟರನ್ನಿಟ್ಟುಕೊಂಡು ತಯಾರಾದ ಈ ಚಿತ್ರ ಜಪಾನಿನಲ್ಲೇ 300 ಕೋಟಿ ಯೆನ್ ದಾಟಿ ಗಳಿಸಿತು.