ಮೆಕಾರ್ಥಿ ಯುಗದ ಅಮೆರಿಕನ್ ವಿಶ್ವವಿದ್ಯಾನಿಲಯ: ಒಂದು ಗ್ರಂಥವಿಮರ್ಶೆ

ದ್ವಿತೀಯ ಮಹಾಯುದ್ಧಾನಂತರದ ಅಮೆರಿಕದ ವಿದ್ಯಾಕೇಂದ್ರಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಒಂದು ಸರಳ ಚಿತ್ರವನ್ನು ಕೊಡುವುದುಂಟು: 1950ರ ದಶಕ ಮೌನದ ಕಾಲ, 1960ರ ದಶಕ ಮಾತಿನ ಕಾಲ. ಆ ಮೌನಕ್ಕೆ ಸೆನೆಟರ್ ಜೋಸೆಫ್ ಮೆಕಾರ್ಥಿಯೊಬ್ಬನೇ ಕಾರಣನೆಂಬ ಭಾವನೆಯೂ ರೂಢಿಯಲ್ಲಿದೆ. 1986ರಲ್ಲಿ ಪ್ರಕಟವಾದ 'ನೋ ಐವರಿ ಟವರ್' ಎಂಬ ಗ್ರಂಥದಲ್ಲಿ ಎಲೆನ್ ಶ್ರೆಕರ್ ಅವರು ಈ ಭಾವನೆಯನ್ನು ಬುಡಸಹಿತ ಅಲುಗಿಸಿದ್ದಾರೆ. ಮೆಕಾರ್ಥಿಯ ಹೆಸರು ದೇಶಕ್ಕೆ ಪರಿಚಿತವಾದುದು 1950ರ ಫೆಬ್ರವರಿಯಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾನಿಲಯ ಮೂವರು ಪ್ರಾಧ್ಯಾಪಕರನ್ನು ಹೊರಹಾಕಿದುದು 1949ರ ಜನವರಿಯಲ್ಲಿ. ಈ ಕಾಲಕ್ರಮವನ್ನು ಮರೆತರೆ ವಿಷಯವೇ ತಪ್ಪುತ್ತದೆ.

ಲೇಖಕಿಯ ಮುಖ್ಯ ಪ್ರತಿಪಾದನೆ ಇಷ್ಟು: ಶಾಸನಸಭೆಯ ತನಿಖಾ ಸಮಿತಿಗಳು ಆಪಾದಿತರ ಹೆಸರನ್ನು ಬಯಲಿಗೆಳೆದವು, ಕೆಲಸದಿಂದ ತೆಗೆದುದು ವಿಶ್ವವಿದ್ಯಾನಿಲಯಗಳೇ. ಇತಿಹಾಸದ ಅಧ್ಯಾಪಕರಾದ ನಮಗೆ ಇದರಲ್ಲಿ ಅತ್ಯಂತ ನೋವಿನ ನಿದರ್ಶನವೆಂದರೆ ರಟ್ಗರ್ಸ್ ವಿಶ್ವವಿದ್ಯಾನಿಲಯದ ಪ್ರಾಚೀನ ಇತಿಹಾಸಜ್ಞ ಮೋಸಸ್ ಫಿನ್ಲೆ ಅವರದು. 1952ರ ಮಾರ್ಚಿಯಲ್ಲಿ ಸೆನೆಟ್ಟಿನ ಉಪಸಮಿತಿಯೊಂದರ ಮುಂದೆ ಅವರು ತಾವು ಕಮ್ಯೂನಿಸ್ಟ್ ಪಕ್ಷದ ಸದಸ್ಯರಲ್ಲವೆಂದು ಹೇಳಿದರು; ಹಿಂದೆ ಎಂದಾದರೂ ಆಗಿದ್ದಿರೇ ಎಂಬ ಪ್ರಶ್ನೆಗೆ ಸಂವಿಧಾನದ ಐದನೆಯ ತಿದ್ದುಪಡಿಯನ್ನು ಆಶ್ರಯಿಸಿ ಉತ್ತರಿಸಲೊಲ್ಲದಾದರು. ಅಧ್ಯಾಪಕರ ಸಮಿತಿಯೊಂದು ವಿಚಾರಿಸಿ, ಯಾವ ಕ್ರಮವೂ ಬೇಡವೆಂದು ಒಮ್ಮತದಿಂದ ವರದಿಯಿತ್ತಿತು. ಡಿಸೆಂಬರಿನಲ್ಲಿ ಟ್ರಸ್ಟಿಗಳ ಮಂಡಲಿ ಅದನ್ನು ತಳ್ಳಿಹಾಕಿ, ಉತ್ತರಿಸದಿರುವುದೇ ಪದಚ್ಯುತಿಗೆ ಸಾಕಾದ ಕಾರಣವೆಂದು ನಿರ್ಣಯಿಸಿತು. ಸಂವಿಧಾನ ಕೊಟ್ಟ ಹಕ್ಕನ್ನು ಬಳಸಿದುದೇ ಅಪರಾಧವಾಯಿತು! ಅಧ್ಯಯನದ ಗುಣ, ಬೋಧನೆಯ ನಿಷ್ಪಕ್ಷಪಾತ, ಇವುಗಳ ಮಾತೇ ಬರಲಿಲ್ಲ. ಫಿನ್ಲೆ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್ಜಿನಲ್ಲಿ ನೆಲೆಸಿದರು. ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದರು. ನಷ್ಟ ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಕ್ಯಾಲಿಫೋರ್ನಿಯದ ಕಥೆ ಇನ್ನೊಂದು ಬಗೆಯದು. ಅಲ್ಲಿಯ ರೀಜೆಂಟರ ಮಂಡಲಿ 1949ರಲ್ಲಿ ನಿಷ್ಠಾ ಪ್ರಮಾಣವೊಂದನ್ನು ವಿಧಿಸಿ, ಮರುವರ್ಷದ ಆಗಸ್ಟಿನಲ್ಲಿ ಸಹಿಮಾಡದ 31 ಮಂದಿಯನ್ನು ತೆಗೆದುಹಾಕಿತು. ಅವರು ಕಮ್ಯೂನಿಸ್ಟರೆಂದು ಮಂಡಲಿಯೂ ಆಪಾದಿಸಿರಲಿಲ್ಲ. ಸಹಿಗೆ ಒಪ್ಪದವರಲ್ಲಿ ಮಧ್ಯಯುಗದ ಇತಿಹಾಸಕಾರ ಅರ್ನ್ಸ್ಟ್ ಕಾಂಟೊರೊವಿಚ್ ಒಬ್ಬರು. ಅವರು 1919ರಲ್ಲಿ ಮ್ಯೂನಿಕ್ಕಿನಲ್ಲಿ ಕಮ್ಯೂನಿಸ್ಟರ ವಿರುದ್ಧ ಬಂದೂಕು ಹಿಡಿದಿದ್ದವರು. 'ಕೊಡಲಿ ಕಾವು ಕುಲಕ್ಕೆ ಸಾವು' ಎಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮ ವ್ಯಾಖ್ಯಾನ ಸಿಕ್ಕಲಾರದು. ವೃತ್ತಿಬಾಂಧವರ ರಕ್ಷಣೆಗೆಂದೇ ಇದ್ದ ಅಮೆರಿಕನ್ ಪ್ರಾಧ್ಯಾಪಕರ ಸಂಘವು ಈ ಸಂಸ್ಥೆಗಳನ್ನು ಖಂಡಿಸಿದುದು 1956ರಲ್ಲಿ, ಬಿರುಗಾಳಿ ಇಳಿದ ಮೇಲೆ.

ಇಷ್ಟರಮಟ್ಟಿಗೆ ಶ್ರೆಕರ್ ಅವರೊಡನೆ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಗ್ರಂಥದ ದೃಷ್ಟಿ ಪದಚ್ಯುತರಾದವರ ಮೇಲೆ ನೆಟ್ಟಷ್ಟು ಉಳಿದುಕೊಂಡವರ ಮೇಲೆ ನೆಟ್ಟಿಲ್ಲ. ಪದಚ್ಯುತಿಗೆ ದಾಖಲೆಯುಂಟು, ಪಾಠದಿಂದ ಸದ್ದಿಲ್ಲದೆ ಬಿಟ್ಟುಹೋದ ಒಂದು ಅಧ್ಯಾಯಕ್ಕೆ ದಾಖಲೆಯೆಲ್ಲಿ? ಈ ದೃಷ್ಟಿಯಿಂದ ಲಜಾರ್ಸ್‌ಫೆಲ್ಡ್ ಮತ್ತು ಥೀಲೆನ್ಸ್ ಅವರು 1955ರಲ್ಲಿ 165 ಕಾಲೇಜುಗಳ 2,451 ಸಮಾಜಶಾಸ್ತ್ರೀಯ ಅಧ್ಯಾಪಕರನ್ನು ಪ್ರಶ್ನಿಸಿ ಮಾಡಿದ ಸಮೀಕ್ಷೆ ಇಂದಿಗೂ ಅಮೂಲ್ಯ. ಅಂಜಿಕೆ ಇನ್ನೂ ಹಸಿಯಾಗಿದ್ದಾಗಲೇ ಪಡೆದ ಉತ್ತರಗಳವು. ಶ್ರೆಕರ್ ಅವರು ಬಹುಕಾಲದ ಅನಂತರ ಕಂಡು ಕೇಳಿ ಸಂಗ್ರಹಿಸಿದ ಹೇಳಿಕೆಗಳಿಗೆ ಬೇರೆ ಬೆಲೆಯಿದೆ, ಆದರೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ವಿದ್ಯಾರ್ಥಿಗಳಿಗೂ ಗ್ರಂಥದಲ್ಲಿ ದೊರೆತ ಸ್ಥಳ ಸಾಲದೆಂದೇ ನಮ್ಮ ಅಭಿಪ್ರಾಯ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಕಮ್ಯೂನಿಸ್ಟ್ ಭಾಷಣಕಾರರ ಮೇಲಿನ ನಿಷೇಧ 1963ರವರೆಗೂ ಉಳಿದಿತ್ತು. ಅಂದರೆ ವಾದವೊಂದನ್ನು ಕಿವಿಯಾರೆ ಕೇಳಿ ಖಂಡಿಸುವ ಅವಕಾಶವನ್ನೇ ಒಂದು ಪೀಳಿಗೆ ಕಳೆದುಕೊಂಡಿತು. 1964ರ ಶರತ್ಕಾಲದಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ಕ್ಯಾಂಪಸ್ಸಿನಲ್ಲಿ ರಾಜಕೀಯ ಪ್ರಚಾರದ ಹಕ್ಕಿಗಾಗಿ ಎದ್ದು, ಸುಮಾರು 800 ಮಂದಿ ಬಂಧಿತರಾದರು. ಆಮೇಲೆ, ಡಿಸೆಂಬರ್ 8ರಂದು, ಅಲ್ಲಿಯ ಅಧ್ಯಾಪಕರ ಸಭೆ 115ರ ವಿರುದ್ಧ 824 ಮತಗಳಿಂದ ಅವರ ಬೇಡಿಕೆಯನ್ನು ಎತ್ತಿಹಿಡಿಯಿತು. ಹದಿನಾಲ್ಕು ವರ್ಷಗಳ ಹಿಂದೆ ತನ್ನ ಸಹೋದ್ಯೋಗಿಗಳನ್ನು ಉಳಿಸಿಕೊಳ್ಳಲಾರದೆ ಹೋದುದೂ ಈ ಸಭೆಯೇ.