‘ಮಾರಾಟವಾಗಿದೆ’ ಎಂಬ ಕಾಲಂ ಯಾಕೆ ಬೇಡ

ಮೊಬೈಲ್ ಅಂಗಡಿಗೊಂದು ಡೇಟಾಬೇಸ್ ಮಾಡಿಕೊಡಿ ಎಂದರೆ ಹೊಸಬರು ಹಾಕುವ ಮೊದಲ ಟೇಬಲ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಮಾಡೆಲ್, ಬಣ್ಣ, ಐಎಂಇಐ ನಂಬರ್, ಕೊಂಡ ಬೆಲೆ, ಮಾರಿದ ಬೆಲೆ, ಗಿರಾಕಿಯ ಹೆಸರು, ಕಟ್ಟಕಡೆಗೆ ‘ಮಾರಾಟವಾಗಿದೆ: ಹೌದು/ಇಲ್ಲ’ ಎಂಬ ಕಾಲಂ. ನೋಡಲು ಬಲು ಚೊಕ್ಕ. ಒಂದು ಫೋನಿಗೆ ಒಂದು ಸಾಲು, ಇಡೀ ಅಂಗಡಿ ಒಂದೇ ಹಾಳೆಯಲ್ಲಿ. ನನ್ನ ತಕರಾರು ಇರುವುದು ಆ ಕೊನೆಯ ಕಾಲಂ ಮೇಲೆ, ಅದರ ಬಾಲ ಹಿಡಿದು ಬರುವ ಗಿರಾಕಿಯ ಹೆಸರಿನ ಮೇಲೆ. ಬಣ್ಣ ಫೋನಿನ ಜೊತೆಗೇ ಹುಟ್ಟಿದ್ದು. ಮಾರಾಟ ಹಾಗಲ್ಲ, ಒಂದು ದಿನ, ಒಬ್ಬರಿಗೆ, ಒಂದು ಬೆಲೆಗೆ ನಡೆದ ವ್ಯವಹಾರ ಅದು. ನಡೆದದ್ದು ಮುರಿದುಬೀಳಬಹುದು, ಅದೇ ಫೋನಿಗೆ ಮತ್ತೊಮ್ಮೆಯೂ ನಡೆಯಬಹುದು. ಅದನ್ನು ಫೋನಿನ ಸಾಲಿನಲ್ಲೇ ಬರೆದಿಟ್ಟರೆ ಎರಡನೆಯದು ಮೊದಲನೆಯದನ್ನು ಅಳಿಸಿಹಾಕುತ್ತದೆ.

ಒಂದೇ ಫೋನಿನ ಒಂದು ತಿಂಗಳ ಜಾತಕ ನೋಡಿ. ಮಾರ್ಚ್ 3ಕ್ಕೆ ವಿತರಕರಿಂದ ಬಂತು. 9ಕ್ಕೆ ಮಾರಿ ಹೋಯಿತು. 12ಕ್ಕೆ ಪರದೆಯ ಮೇಲೆ ಗೆರೆ ಎಂದು ಗಿರಾಕಿ ವಾಪಸ್ ತಂದರು, ಸರ್ವಿಸ್ ಸೆಂಟರಿಗೆ ಹೋಯಿತು. 20ಕ್ಕೆ ಸರಿಯಾಗಿ ಬಂತು, 24ಕ್ಕೆ ಇನ್ನೊಬ್ಬರಿಗೆ ಕಡಿಮೆ ಬೆಲೆಗೆ ಹೋಯಿತು. ಒಂದೇ ಸಾಲಿನ ವಿನ್ಯಾಸದಲ್ಲಿ 12ರಂದು ‘ಹೌದು’ ಇದ್ದದ್ದು ‘ಇಲ್ಲ’ ಆಗಬೇಕು, ಮೊದಲ ಗಿರಾಕಿಯ ಹೆಸರು ಖಾಲಿಯಾಗಬೇಕು. ಆಮೇಲೆ ಆ ಜಾಗದಲ್ಲಿ ಎರಡನೆಯವರು ಬಂದು ಕೂರುತ್ತಾರೆ. ಕೈಗೆ ಕೊಟ್ಟ ಮೊದಲ ಬಿಲ್ಲು ಕಾಗದದ ಮೇಲಿದೆ, ಅದಕ್ಕೆದುರಾಗಿ ಕೊಟ್ಟ ಕ್ರೆಡಿಟ್ ನೋಟೂ ಇದೆ. ಆ ನೋಟಿನ ಮೇಲೆ ಮೂಲ ಬಿಲ್ಲಿನ ನಂಬರು, ತಾರೀಖು ಇರಲೇಬೇಕೆಂದು ಜಿಎಸ್‌ಟಿ ನಿಯಮ ಹೇಳುತ್ತದೆ. ಕಂಪ್ಯೂಟರ್ ಮಾತ್ರ ಅಂಥ ಮಾರಾಟ ನಡೆದೇ ಇಲ್ಲ ಎನ್ನುತ್ತದೆ.

ಮಂಡಿಯ ಹಳೆಯ ಗುಮಾಸ್ತರು ಇದನ್ನು ಎಂದೋ ಬಗೆಹರಿಸಿಕೊಂಡಿದ್ದರು. ದಿನದ ವ್ಯವಹಾರ ಬಂದಬಂದ ಹಾಗೆ ಕಿರ್ದಿಗೆ ಹೋಗುತ್ತಿತ್ತು, ಅಲ್ಲಿಂದ ಖಾತೆಗೆ ಏರುತ್ತಿತ್ತು. ಕಿರ್ದಿಯಲ್ಲಿ ತಪ್ಪು ಕಂಡರೆ ವಿರುದ್ಧ ನಮೂದು ಹಾಕುತ್ತಿದ್ದರೇ ಹೊರತು ಹಿಂದಿನದನ್ನು ಕೆರೆದು ತೆಗೆಯುತ್ತಿರಲಿಲ್ಲ. ಡೇಟಾಬೇಸಿನಲ್ಲೂ ಅಷ್ಟೇ ಸಾಕು. ಮಾಡೆಲ್‌ಗೊಂದು ಟೇಬಲ್, ಪ್ರತಿಯೊಂದು ಪೀಸಿಗೂ ಒಂದು ಸಾಲಿರುವ ಇನ್ನೊಂದು, ಬಿಲ್ಲುಗಳಿಗೆ ಒಂದು, ‘ಓಡಾಟ’ ಎಂಬುದು ಮತ್ತೊಂದು. ಯಾವ ಪೀಸು, ಎಲ್ಲಿಗೆ, ಯಾವ ತಾರೀಖು, ಯಾವ ಕಾಗದದ ಆಧಾರದ ಮೇಲೆ ಎಂಬುದು ಓಡಾಟದಲ್ಲಿರುತ್ತದೆ. ‘ಸ್ಟಾಕ್ ಎಷ್ಟು’ ಎಂಬ ಅಂಕಿಯನ್ನು ಎಲ್ಲಿಯೂ ಬರೆದಿಡಬಾರದು. ಕೇಳಿದಾಗ ಎಣಿಸಿ ಹೇಳಬೇಕು. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಡೇಟಾಬೇಸಿಗೆ ತಳಪಾಯ ಹಾಕಿದ ತಮ್ಮ ಲೇಖನದ ಎರಡನೇ ಭಾಗವನ್ನು ಪೂರ್ತಿ ಈ ತಾಪತ್ರಯಕ್ಕೇ ಮೀಸಲಿಟ್ಟಿದ್ದರು: ಒಂದೇ ಸಂಗತಿಯನ್ನು ಎರಡು ಕಡೆ ಇಟ್ಟರೆ ಅವೆರಡೂ ಒಂದಕ್ಕೊಂದು ತಾಳೆಯಾಗದೆ ಹೋಗುವ ಅಪಾಯ.

ಪ್ರತಿಸಲ ಎಣಿಸುತ್ತ ಕೂತರೆ ನಿಧಾನವಾಗುವುದಿಲ್ಲವೇ ಎಂದು ಕೇಳುತ್ತಾರೆ. ಒಂದು ಅಂಗಡಿಯ ಮಟ್ಟಕ್ಕೆ ಇದು ಆಧಾರವಿಲ್ಲದ ಭಯ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಎಸ್‌ಕ್ಯುಲೈಟ್ ಪುಕ್ಕಟೆ ಸಿಗುತ್ತದೆ, ಲಕ್ಷಾಂತರ ಸಾಲುಗಳನ್ನು ಸಾಧಾರಣ ಲ್ಯಾಪ್‌ಟಾಪಿನ ಮೇಲೇ ಎಣಿಸಿ ಒಪ್ಪಿಸುತ್ತದೆ. ತಮಾಷೆಯೆಂದರೆ, ಅಂಗಡಿಯ ಶೋಕೇಸಿನಲ್ಲಿರುವ ಆಂಡ್ರಾಯ್ಡ್, ಐಫೋನ್‌ಗಳೆಲ್ಲದರ ಹೊಟ್ಟೆಯಲ್ಲೂ ಅದು ಆಗಲೇ ಕೂತಿದೆ. ಲೆಕ್ಕ ಮಾತ್ರ ಎಕ್ಸೆಲ್‌ನಲ್ಲಿ ನಡೆಯುತ್ತಿರುತ್ತದೆ.

ಎಕ್ಸೆಲ್ ವಿಷಯ ಬಂದದ್ದರಿಂದ ನಂಬರಿನ ಮಾತಿಗೇ ಬರೋಣ. ಐಎಂಇಐಗೆ 15 ಅಂಕಿ. ಮೊದಲ 8 ಫೋನಿನ ಜಾತಿಯನ್ನು ಹೇಳುತ್ತವೆ, ನಂತರದ 6 ಆ ಪೀಸಿನ ಕ್ರಮಸಂಖ್ಯೆ, ಕೊನೆಯದು ತಾಳೆ ನೋಡುವ ಅಂಕಿ. ಇದನ್ನು ಸಂಖ್ಯೆಯೆಂದು ಎಕ್ಸೆಲ್‌ಗೆ ಕೊಟ್ಟರೆ 3.5ರ ಮುಂದೆ ಏನೋ ಘಾತ ಹಾಕಿ ತೋರಿಸುತ್ತದೆ. ಸೊನ್ನೆಯಿಂದ ಶುರುವಾಗುವ ನಂಬರಾದರೆ ಆ ಸೊನ್ನೆಯನ್ನೇ ನುಂಗುತ್ತದೆ. ಸಿಮ್ ಕಾರ್ಡಿನ 19-20 ಅಂಕಿಯ ನಂಬರಿನ ಗತಿ ಇನ್ನೂ ಕಷ್ಟ: 15 ಅಂಕಿ ದಾಟಿದ್ದೆಲ್ಲ ಸೊನ್ನೆಯಾಗುತ್ತದೆ. ಕೂಡಿಸುವ, ಕಳೆಯುವ ಪ್ರಮೇಯವಿಲ್ಲದ ನಂಬರನ್ನು ಪಠ್ಯವೆಂದೇ ಇಡಬೇಕು. ಇನ್ನು ಡಬ್ಬಿಯ ಮೇಲಿನ ಬಾರ್‌ಕೋಡ್‌ಗಳ ಜಾತ್ರೆ: ಎರಡು ಸಿಮ್ಮಿನ ಫೋನಾದರೆ ಎರಡು ಐಎಂಇಐ, ಕಂಪನಿಯದೇ ಸೀರಿಯಲ್ ನಂಬರು, ಅದೇ ಬಗೆಯ ಎಲ್ಲ ಡಬ್ಬಿಗಳ ಮೇಲೂ ಒಂದೇ ಆಗಿರುವ 13 ಅಂಕಿಯ ಕೋಡು. ಅವಸರದಲ್ಲಿ ಹುಡುಗರು ಈ ಕೊನೆಯದನ್ನು ಸ್ಕ್ಯಾನ್ ಮಾಡಿದರೆ ಹತ್ತು ಫೋನಿಗೂ ಒಂದೇ ಹೆಸರು. 15 ಅಂಕಿ ಇದೆಯೇ, ತಾಳೆಯಂಕಿ ಕೂಡುತ್ತದೆಯೇ ಎಂದು ಟೇಬಲ್ಲೇ ನೋಡಿಕೊಂಡರೆ ಇದು ಬಾಗಿಲಲ್ಲೇ ನಿಲ್ಲುತ್ತದೆ. ಆ ತಾಳೆಯ ಲೆಕ್ಕ ಐಬಿಎಂನ ಹಾನ್ಸ್ ಪೀಟರ್ ಲೂನ್ ಅವರದು, ಪೇಟೆಂಟ್ ಸಿಕ್ಕಿದ್ದು 1960ರಲ್ಲಿ. ಒಂದು ಅಂಕಿ ತಪ್ಪಿದರೆ ಖಂಡಿತ ಹಿಡಿಯುತ್ತದೆ, ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೂ ಹಿಡಿಯುತ್ತದೆ. 09 ಹೋಗಿ 90 ಆದರೆ ಮಾತ್ರ ಮೋಸಹೋಗುತ್ತದೆ.

ಇಷ್ಟು ಪಕ್ಕಾ ನಂಬರಿರುವಾಗ ಅದನ್ನೇ ಪೀಸಿನ ಮೂಲ ಗುರುತಾಗಿ ಇಟ್ಟುಕೊಳ್ಳಬಾರದೇಕೆ? ಅನೇಕರು ಹಾಗೇ ಮಾಡುತ್ತಾರೆ, ವಾದದಲ್ಲಿ ಹುರುಳೂ ಇದೆ. ಆದರೆ ಎರಡು ಐಎಂಇಐ ಇರುವಾಗ ಗುರುತು ಯಾವುದು? ಸರ್ವಿಸ್ ಸೆಂಟರಿನಲ್ಲಿ ಮದರ್‌ಬೋರ್ಡ್ ಬದಲಾದರೆ ನಂಬರೂ ಬದಲಾಗುತ್ತದೆ. ಫೋನು ಅದೇ, ಬಿಲ್ಲು ಅದೇ. ಆದ್ದರಿಂದ ಅಂಗಡಿಯದೇ ಆದ, ಯಾವ ಅರ್ಥವೂ ಇಲ್ಲದ ಒಂದು ಕ್ರಮಸಂಖ್ಯೆ ಪೀಸಿಗಿರಲಿ, ಐಎಂಇಐಗಳು ಅದಕ್ಕೆ ತಾರೀಖಿನ ಸಮೇತ ತಗುಲಿಕೊಂಡಿರಲಿ. ಕಳೆದ ಫೋನನ್ನು ತಡೆಹಿಡಿಸುವ ಸಂಚಾರ್ ಸಾಥಿ 2023ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ತೆರೆದುಕೊಂಡ ಮೇಲಂತೂ ವರ್ಷದ ಹಿಂದಿನ ಬಿಲ್ಲನ್ನು ಹುಡುಕಿಕೊಂಡು ಗಿರಾಕಿ ಅಂಗಡಿಗೇ ಬರುವುದು ಸಹಜ. ಹಳೆಯ ನಂಬರಿನಿಂದ ಹುಡುಕಿದರೂ ಹೊಸದರಿಂದ ಹುಡುಕಿದರೂ ಒಂದೇ ಬಿಲ್ಲು ಸಿಗಬೇಕು.

ಬೆಲೆಗೂ ತೆರಿಗೆಗೂ ಇದೇ ನ್ಯಾಯ. ಮೊಬೈಲ್ ಫೋನಿನ ಜಿಎಸ್‌ಟಿ 2020ರ ಏಪ್ರಿಲ್ 1ರಂದು ಶೇ 12ರಿಂದ 18ಕ್ಕೆ ಏರಿತು. ದರವನ್ನು ಮಾಡೆಲ್ ಟೇಬಲ್‌ನಲ್ಲಷ್ಟೇ ಇಟ್ಟಿದ್ದವರು ಮಾರ್ಚಿನ ಬಿಲ್ಲನ್ನು ಮೇ ತಿಂಗಳಲ್ಲಿ ಮತ್ತೆ ಮುದ್ರಿಸಿದರೆ ಅದು 18 ಎಂದು ತೋರಿಸುತ್ತದೆ. ಮಾರಿದ ದಿನದ ದರ ಬಿಲ್ಲಿನ ಸಾಲಿನಲ್ಲೇ ಅಚ್ಚಾಗಿರಬೇಕು; ಅದು ನಕಲಲ್ಲ, ಆ ದಿನದ ಸಾಕ್ಷಿ. ಸೆಕೆಂಡ್‌ಹ್ಯಾಂಡ್ ಫೋನು ಮಾರುವವರಿಗೆ ಇನ್ನೂ ಬಿಗಿ. ಸಿಜಿಎಸ್‌ಟಿ ನಿಯಮ 32(5)ರ ಪ್ರಕಾರ, ಕೊಳ್ಳುವಾಗ ಇನ್‌ಪುಟ್ ತೆರಿಗೆ ಪಡೆಯದಿದ್ದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲಷ್ಟೇ ತೆರಿಗೆ. ನಷ್ಟವಾದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸರಾಸರಿ ಬೆಲೆ ಹಾಕಿ ಕೈತೊಳೆದುಕೊಂಡರೆ ಯಾವ ಪೀಸಿನಲ್ಲಿ ಲಾಭ, ಯಾವುದರಲ್ಲಿ ನಷ್ಟ ಎಂಬುದೇ ಮುಚ್ಚಿಹೋಗುತ್ತದೆ.

ನನ್ನ ವಾದಕ್ಕೆ ನಿಜವಾದ ಸವಾಲು ಬೇರೆ ಇದೆ. ‘ಹೌದು/ಇಲ್ಲ’ ಕಾಲಂ ಇದ್ದರೆ ಮಾರಿದ ಫೋನನ್ನು ಮತ್ತೆ ಮಾರಲು ಬರುವುದಿಲ್ಲ. ಓಡಾಟದ ಟೇಬಲ್ಲಿಗೆ ಯಾರು ಬೇಕಾದರೂ ಇನ್ನೊಂದು ಸಾಲು ಸೇರಿಸಿಬಿಡಬಹುದಲ್ಲ? ಸೇರಿಸಬಹುದು, ಬೇಲಿ ಹಾಕದಿದ್ದರೆ. ಓಡಾಟದ ಪ್ರತಿ ಸಾಲಿಗೆ ‘ಬಿಟ್ಟ ತಾರೀಖು’ ಎಂಬ ಇನ್ನೊಂದು ಕಾಲಂ ಕೊಡಿ. ಫೋನು ಆ ಜಾಗದಲ್ಲಿ ಇರುವಷ್ಟು ದಿನ ಅದು ಖಾಲಿ. ಒಂದು ಪೀಸಿಗೆ ಖಾಲಿ ಬಿಟ್ಟ ಸಾಲು ಒಂದಕ್ಕಿಂತ ಹೆಚ್ಚು ಇರಕೂಡದು ಎಂಬ ಷರತ್ತನ್ನು ಭಾಗಶಃ ಯುನೀಕ್ ಇಂಡೆಕ್ಸ್ ಮೂಲಕ ಹಾಕಬಹುದು. ಎಸ್‌ಕ್ಯುಲೈಟ್, ಪೋಸ್ಟ್‌ಗ್ರೆಸ್ ಎರಡರಲ್ಲೂ ಈ ಸೌಕರ್ಯವಿದೆ. ಆಗ ಫೋನು ಅಂಗಡಿಯಲ್ಲಿರುತ್ತದೆ, ಇಲ್ಲವೇ ಸರ್ವಿಸ್ ಸೆಂಟರಿನಲ್ಲಿ, ಇಲ್ಲವೇ ಗಿರಾಕಿಯ ಬಳಿ. ಎರಡು ಕಡೆ ಇರಲಾರದು. ಎರಡು ಕೌಂಟರುಗಳಲ್ಲಿ ಒಂದೇ ಫೋನಿಗೆ ಒಟ್ಟಿಗೇ ಬಿಲ್ಲು ಒತ್ತಿದರೂ ಎರಡನೆಯದು ಒಳಗೆ ಹೋಗುವುದಿಲ್ಲ. ತಾರೀಖು ತುಂಬುವುದೂ ತಿದ್ದುಪಡಿಯೇ ಅಲ್ಲವೇ ಎಂದು ಕೆಣಕುವವರಿದ್ದಾರೆ. ಹೌದು. ಖಾಲಿ ಜಾಗ ತುಂಬಿದರೆ ಹಳೆಯದೇನೂ ಅಳಿಯುವುದಿಲ್ಲ, ಅಷ್ಟು ಸಡಿಲಿಕೆ ನನಗೆ ಒಪ್ಪಿಗೆ.

ಚಾರ್ಜರ್, ಕವರ್, ಸ್ಕ್ರೀನ್ ಗಾರ್ಡ್‌ಗಳಿಗೆ ಇಷ್ಟೆಲ್ಲ ಶಾಸ್ತ್ರ ಬೇಡ. ಅವನ್ನು ಸಂಖ್ಯೆಯಲ್ಲೇ ಬರಮಾಡಿಕೊಂಡು ಸಂಖ್ಯೆಯಲ್ಲೇ ಕಳಿಸಿದರಾಯಿತು. ಫೋನು, ಕವರು ಎರಡೂ ಒಂದೇ ಬಿಲ್ಲಿನಲ್ಲಿ ಬರುವುದರಿಂದ ಬಿಲ್ಲಿನ ಸಾಲಿನಲ್ಲಿ ಪೀಸಿನ ನಂಬರಿನ ಜಾಗ ಖಾಲಿ ಬಿಡಲು ಅವಕಾಶ ಇರಬೇಕಾಗುತ್ತದೆ. ಹಾಗೆಂದು ಅದನ್ನು ಹುಡುಗರ ಇಷ್ಟಕ್ಕೆ ಬಿಡುವುದಲ್ಲ: ಮಾಡೆಲ್ ಟೇಬಲ್‌ನಲ್ಲಿ ‘ನಂಬರು ಬೇಕು’ ಎಂದಿದ್ದರೆ, ಸ್ಕ್ಯಾನ್ ಆಗುವ ತನಕ ಬಿಲ್ಲು ಮುದ್ರಣವಾಗಬಾರದು, ಕೌಂಟರಿನ ಮುಂದೆ ಎಷ್ಟೇ ಜನ ನಿಂತಿರಲಿ.